ನಡತೆಯೇ ಸಾಕ್ಷ್ಯ: ಕ್ಲೌಡ್ ಕಂಟೇನರ್‌ಗಳಲ್ಲಿ ಬೆದರಿಕೆ ಪತ್ತೆಯ ಕುರಿತು ಒಂದು ವಾದ

2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ, ಟೆಸ್ಲಾ ಕಂಪನಿಯ ಕ್ಲೌಡ್‌ನಲ್ಲಿ ನಡೆದಿದ್ದ ಅತಿಕ್ರಮಣವೊಂದನ್ನು ಬಯಲಿಗೆ ತಂದಿತು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್ ವ್ಯವಸ್ಥೆಯ ನಿರ್ವಹಣಾ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ಒಂದು ಪಾಡ್‌ನೊಳಗೆ (ಒಟ್ಟಿಗೆ ಓಡುವ ಕಂಟೇನರ್‌ಗಳ ಘಟಕ) ಅಮೆಜಾನ್ ಕ್ಲೌಡ್‌ನ ಪ್ರವೇಶ ಕೀಲಿಗಳು ತೆರೆದೇ ಇದ್ದವು. ಒಳಹೊಕ್ಕವರು ಕ್ರಿಪ್ಟೊ ಗಣಿಗಾರಿಕೆಗೆ ಇಳಿದರು, ಅದೂ ಬಹಳ ಜಾಣತನದಿಂದ: ಎಲ್ಲರಿಗೂ ಗೊತ್ತಿರುವ ಗಣಿಗಾರಿಕೆ ಪೂಲ್‌ಗಳನ್ನು ಬಿಟ್ಟು ತಮ್ಮದೇ ಪೂಲ್ ಕಟ್ಟಿಕೊಂಡರು, ಅದರ ವಿಳಾಸವನ್ನು ಕ್ಲೌಡ್‌ಫ್ಲೇರ್‌ನ ಹಿಂದೆ ಮರೆಮಾಡಿದರು, ರೂಢಿಯಲ್ಲಿಲ್ಲದ ಪೋರ್ಟ್ ಬಳಸಿದರು, ಸಿಪಿಯು ಬಳಕೆ ಎದ್ದು ಕಾಣದಂತೆ ತಗ್ಗಿಸಿಟ್ಟರು. ಇಂಥ ದಾಳಿಗೆ ಯಾವ ಇಮೇಜ್‌ನಲ್ಲೂ (ಕಂಟೇನರ್ ಹುಟ್ಟುವ ಅಚ್ಚಿನಲ್ಲೂ) ದೋಷ ಇರಬೇಕಾಗಿಲ್ಲ. ಇಮೇಜ್‌ಗಳನ್ನು ಎಷ್ಟೇ ಕಟ್ಟುನಿಟ್ಟಾಗಿ ತಪಾಸಣೆ ಮಾಡಿದರೂ ಇದು ಸಿಕ್ಕಿಬೀಳುವುದಿಲ್ಲ. ಕಂಟೇನರ್ ಭದ್ರತೆ ಎಂದರೆ ಇಮೇಜ್ ತಪಾಸಣೆ ಎಂಬ ನಂಬಿಕೆ ಉದ್ಯಮದಲ್ಲಿ ಬೇರೂರಿರುವ ಈ ಹೊತ್ತಿನಲ್ಲಿ ನನ್ನ ವಾದ ಇಷ್ಟು: ಪತ್ತೆಯ ಕೇಂದ್ರದಲ್ಲಿ ಇರಬೇಕಾದದ್ದು ಕಂಟೇನರ್ ಓಡುತ್ತಿರುವಾಗ ತೋರುವ ನಡತೆ; ಆ ನಡತೆಯನ್ನು ಅಳೆಯಲು ಬೇಕಾದ ಅನುಕೂಲವನ್ನು ಕಂಟೇನರ್‌ನ ರಚನೆಯೇ ಒದಗಿಸಿದೆ.

ಇಮೇಜ್ ತಪಾಸಣೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕ್ಲೇರ್, ಟ್ರಿವಿ ಮೊದಲಾದ ಸಾಧನಗಳು ಇಮೇಜ್‌ನಲ್ಲಿರುವ ಪ್ಯಾಕೇಜುಗಳ ಆವೃತ್ತಿಗಳನ್ನು ಪ್ರಕಟಿತ ದೋಷಗಳ ಪಟ್ಟಿಯೊಂದಿಗೆ ಹೋಲಿಸುತ್ತವೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ದೋಷ ಹೊರಬಿದ್ದಾಗ ಯಾವ ಇಮೇಜ್‌ನಲ್ಲಿ ಆ ದೋಷವಿದ್ದ ತಂತ್ರಾಂಶ ಗ್ರಂಥಾಲಯ ಅಡಗಿದೆ ಎಂದು ಹುಡುಕಲು ಬೇಕಾಗಿದ್ದು ಇಂಥ ಸಾಧನಗಳೇ. ಆದರೆ ಪಟ್ಟಿಗೆ ಇನ್ನೂ ಸೇರದ ದೋಷದ ಬಗ್ಗೆ ಅವು ಮೌನ. 2019ರ ಫೆಬ್ರವರಿಯಲ್ಲಿ ಬಹಿರಂಗವಾದ ರನ್‌ಸಿ ದೋಷ (ಸಿವಿಇ-2019-5736) ಕಂಟೇನರ್‌ನೊಳಗಿನ ರೂಟ್ ಪ್ರಕ್ರಿಯೆಯೊಂದು ಆತಿಥೇಯ ಯಂತ್ರದಲ್ಲಿರುವ ರನ್‌ಸಿ ಕಡತವನ್ನೇ ತಿದ್ದಿ ಬರೆಯಲು ಬಿಡುತ್ತಿತ್ತು. ಒಂದು ಯಂತ್ರದ ಕಂಟೇನರ್‌ಗಳು ಸಾಮಾನ್ಯವಾಗಿ ಒಂದೇ ಲಿನಕ್ಸ್ ಕರ್ನಲ್ಲನ್ನು ಹಂಚಿಕೊಳ್ಳುತ್ತವೆ, ಅವುಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಕರ್ನಲ್ಲೇ ಎಳೆಯುವ ನೇಮ್‌ಸ್ಪೇಸ್ ಮತ್ತು ಸಿಗ್ರೂಪ್‌ಗಳ ಗೆರೆ. ಹಾಗಾಗಿ ಒಂದರಲ್ಲಿ ಬಿದ್ದ ಬಿರುಕು ಇಡೀ ಯಂತ್ರಕ್ಕೆ ಹಬ್ಬಬಲ್ಲದು. ರನ್‌ಸಿ ದೋಷವಿದ್ದದ್ದು ಕಂಟೇನರ್ ಓಡಿಸುವ ಸಾಧನದಲ್ಲಿ. ಅಪ್ಲಿಕೇಶನ್‌ನ ಇಮೇಜನ್ನು ಎಷ್ಟು ಜಾಲಾಡಿದರೂ ಅದು ಕಾಣದು.

ನಡತೆಯಿಂದ ಪತ್ತೆಹಚ್ಚುವ ವಿಚಾರ ಹೊಸದಲ್ಲ. 1996ರಲ್ಲಿ ಸ್ಟೆಫನಿ ಫಾರೆಸ್ಟ್ ಮತ್ತು ಸಂಗಡಿಗರು, ದೇಹದ ರೋಗನಿರೋಧಕ ವ್ಯವಸ್ಥೆಯಿಂದ ಪ್ರೇರಣೆ ಪಡೆದು, ಯುನಿಕ್ಸ್ ಪ್ರಕ್ರಿಯೆಗಳಿಗೆ 'ತನ್ನತನ'ವೊಂದನ್ನು ಗುರುತಿಸಬಹುದೆಂದು ತೋರಿಸಿದರು. ಸೆಂಡ್‌ಮೇಲ್‌ನಂಥ ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳಾದ ಸಿಸ್ಟಂ ಕಾಲ್‌ಗಳ ಕಿರು ಸರಣಿಗಳನ್ನು ದಾಖಲಿಸಿಟ್ಟರೆ, ದಾಳಿಯ ವೇಳೆ ಆ ಸಂಗ್ರಹದಲ್ಲಿ ಇಲ್ಲದ ಸರಣಿಗಳು ತಲೆಯೆತ್ತುತ್ತವೆ. ಈ ವಿಚಾರ ಅಂದಿನ ಸರ್ವರ್‌ಗಳಲ್ಲಿ ಎದುರಿಸಿದ ಕಷ್ಟಕ್ಕೆ ಮುಖ್ಯ ಕಾರಣ ಯಂತ್ರಗಳ ಬಹುಮುಖತೆ ಎಂಬುದು ನನ್ನ ತಿಳಿವಳಿಕೆ. ಒಂದೇ ಯಂತ್ರದಲ್ಲಿ ಅಂಚೆ, ದತ್ತಾಂಶ, ಹತ್ತಾರು ಬಳಕೆದಾರರು. 'ಸಹಜ' ಎಂಬುದರ ಗಡಿ ದಿನದಿನಕ್ಕೂ ಬದಲಾಗುತ್ತಿತ್ತು. ಕಂಟೇನರ್ ಹಾಗಲ್ಲ. ಒಪ್ಪವಾಗಿ ಕಟ್ಟಿದ ಕಂಟೇನರ್‌ನಲ್ಲಿ ಒಂದು ಕೆಲಸ, ಬೆರಳೆಣಿಕೆಯ ಪ್ರಕ್ರಿಯೆಗಳು, ಬದಲಾಗದ ಕಡತ ವ್ಯವಸ್ಥೆ. ವೆಬ್ ಸರ್ವರ್ ಕಂಟೇನರ್‌ನೊಳಗೆ ಶೆಲ್ ತೆರೆದುಕೊಂಡರೆ, ಇಮೇಜ್‌ನಲ್ಲಿ ಇರದ ಬೈನರಿಯೊಂದು ಓಡತೊಡಗಿದರೆ, ಅದಕ್ಕೆ ವಿವರಣೆ ಕೇಳುವ ಹಕ್ಕು ನಿರ್ವಾಹಕರಿಗಿದೆ. 2016ರಲ್ಲಿ ಸಿಸ್‌ಡಿಗ್ ಆರಂಭಿಸಿ 2018ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಒಪ್ಪಿಸಿದ ಫಾಲ್ಕೊ ಎಂಬ ಪತ್ತೆ ಸಾಧನ ನಿಂತಿರುವುದು ಇದೇ ತಳಹದಿಯ ಮೇಲೆ. ಕರ್ನಲ್‌ನೊಳಗೆ ಸಣ್ಣ ಪ್ರೋಗ್ರಾಂಗಳನ್ನು ಓಡಿಸುವ ಇಬಿಪಿಎಫ್ ಬಂದ ಮೇಲೆ ಕರ್ನಲ್ ಮಾಡ್ಯೂಲ್ ಸೇರಿಸದೆಯೇ ಈ ಘಟನೆಗಳನ್ನು ಗಮನಿಸುವುದು ಸಾಧ್ಯವಾಗಿದೆ.

ನಡತೆ ಆಧರಿಸಿದ ಪತ್ತೆಗೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಸುಳ್ಳು ಎಚ್ಚರಿಕೆಗಳದು. ಸ್ಟೆಫಾನ್ ಆಕ್ಸೆಲ್ಸನ್ 1999ರಲ್ಲಿ ಮಂಡಿಸಿದ ಗಣಿತ ಇಂದಿಗೂ ಅಲುಗಿಲ್ಲ. ಲೆಕ್ಕಕ್ಕಾಗಿ ಒಂದು ಕ್ಲಸ್ಟರ್‌ನಲ್ಲಿ (ಯಂತ್ರಗಳ ಸಮೂಹದಲ್ಲಿ) ದಿನಕ್ಕೆ 10 ಲಕ್ಷ ಘಟನೆಗಳು ನಡೆಯುತ್ತವೆ, ಅವುಗಳಲ್ಲಿ 10 ಮಾತ್ರ ದುರುದ್ದೇಶದವು ಎಂದುಕೊಳ್ಳೋಣ. ಸಾವಿರಕ್ಕೆ ಒಂದರಂತೆ ತಪ್ಪುವ ಪತ್ತೆ ಸಾಧನ ಆ ಹತ್ತನ್ನೂ ಹಿಡಿದರೂ ಜೊತೆಗೆ ಸುಮಾರು 1000 ಸುಳ್ಳು ಎಚ್ಚರಿಕೆಗಳನ್ನು ಕೊಡುತ್ತದೆ. ನೂರರಲ್ಲಿ ಒಂದಷ್ಟೇ ನಿಜ. ರಾತ್ರಿ ಪಾಳಿಯಲ್ಲಿ ಕೂತ ಮನುಷ್ಯ ಎರಡನೇ ವಾರಕ್ಕೆ ಅವನ್ನು ನೋಡುವುದನ್ನೇ ಬಿಡುತ್ತಾನೆ. ಆದರೆ ಈ ಲೆಕ್ಕ ಒಂದೊಂದು ಘಟನೆಯನ್ನೂ ಬಿಡಿಯಾಗಿ ತೂಗುತ್ತದೆ. ಕುಬರ್ನೆಟೀಸ್‌ನಲ್ಲಿ ಒಂದೇ ಇಮೇಜ್‌ನಿಂದ ಹುಟ್ಟಿದ ಹತ್ತಾರು ಪ್ರತಿಗಳು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತಿರುತ್ತವೆ. ಹೊಸ ಆವೃತ್ತಿ ಬಿಡುಗಡೆಯಾದಾಗ ಎಲ್ಲ ಪ್ರತಿಗಳ ನಡತೆಯೂ ಒಂದೇ ಬಗೆಯಲ್ಲಿ ಬದಲಾಗುತ್ತದೆ. ಒಳನುಗ್ಗಿದವನು ಸಾಮಾನ್ಯವಾಗಿ ಮೊದಲು ಒಂದೇ ಪ್ರತಿಯಲ್ಲಿ ಕಾಲೂರುತ್ತಾನೆ. ಹಾಗಾಗಿ ನಿನ್ನೆಯ ದಾಖಲೆಯೊಂದಿಗೆ ಹೋಲಿಸುವುದಕ್ಕಿಂತ ಒಡಹುಟ್ಟಿದ ಪ್ರತಿಗಳೊಂದಿಗೆ ಹೋಲಿಸಿದರೆ ಸುಳ್ಳು ಎಚ್ಚರಿಕೆಗಳ ದೊಡ್ಡದೊಂದು ವರ್ಗ ಉದುರಿಹೋಗುತ್ತದೆ. ವಿಷ ಮೂಲದಲ್ಲೇ ಬೆರೆತಿದ್ದರೆ ಪ್ರತಿಗಳೆಲ್ಲ ಒಂದೇ ರೀತಿ ಕೆಟ್ಟಿರುತ್ತವೆ, ನಿಜ; ಆಗ ಹಿಂದಿನ ಆವೃತ್ತಿಯೊಂದಿಗಿನ ಹೋಲಿಕೆಯೇ ನೆರವಿಗೆ ಬರಬೇಕು. 2024ರ ಮಾರ್ಚ್‌ನಲ್ಲಿ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಎಕ್ಸ್‌ಝಡ್ ಗ್ರಂಥಾಲಯದ ಹಿಂಬಾಗಿಲನ್ನು ಕಂಡುಹಿಡಿದದ್ದು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬ ಸುಳಿವಿನಿಂದ. ಅದು ಕಂಟೇನರ್ ದಾಳಿಯಲ್ಲ. ಆದರೂ ಅಧಿಕೃತ ಬಿಡುಗಡೆಯಾಗಿಯೇ ಬಂದ ಆ ತಂತ್ರಾಂಶವನ್ನು ಬಯಲುಮಾಡಿದ್ದು ಅದರ ನಡತೆಯಲ್ಲಾದ ವ್ಯತ್ಯಾಸ.

ಎರಡನೆಯ ಆಕ್ಷೇಪ: ದಾಳಿಕೋರ ಸಹಜ ನಡತೆಯನ್ನೇ ಅನುಕರಿಸಿದರೆ? ಅದು ಸಾಧ್ಯವೆಂದು ಡೇವಿಡ್ ವ್ಯಾಗ್ನರ್ ಮತ್ತು ಪಾವೊಲೊ ಸೋಟೊ 2002ರಲ್ಲೇ ತೋರಿಸಿದ್ದಾರೆ. ಇತ್ತೀಚಿನ ತೊಡಕು ಇನ್ನೂ ನೇರವಾದದ್ದು. 2019ರಲ್ಲಿ ಲಿನಕ್ಸ್ 5.1ಕ್ಕೆ ಸೇರಿದ ಐಒ-ಯುರಿಂಗ್ ಕಡತ ಮತ್ತು ಜಾಲದ ಕೆಲಸಗಳನ್ನು ರೂಢಿಯ ಸಿಸ್ಟಂ ಕಾಲ್‌ಗಳಿಲ್ಲದೆ ಮಾಡಿಸಬಲ್ಲದು. 2025ರಲ್ಲಿ ಆರ್ಮೊ ಸಂಸ್ಥೆ ಪ್ರದರ್ಶಿಸಿದ 'ಕ್ಯೂರಿಂಗ್' ಎಂಬ ಮಾದರಿ ರೂಟ್‌ಕಿಟ್, ಸಿಸ್ಟಂ ಕಾಲ್‌ಗಳನ್ನಷ್ಟೇ ಕಾಯುವ ಸಾಧನಗಳ ಕಣ್ಣು ತಪ್ಪಿಸಿತು. ಇದು ನಡತೆಯ ತತ್ವದ ಸೋಲೆಂದು ನಾನು ಒಪ್ಪಲಾರೆ. ತಪ್ಪಿದ್ದು ಕಾವಲು ನಿಂತ ಜಾಗ. ಕರ್ನಲ್‌ನಲ್ಲಿ ಅನುಮತಿ ನಿರ್ಧಾರವಾಗುವ ಎಲ್‌ಎಸ್‌ಎಂ ಬಿಂದುಗಳಲ್ಲಿ ನಿಂತರೆ, ಕಡತ ತೆರೆಯುವ ಕೋರಿಕೆ ಯಾವ ದಾರಿಯಿಂದ ಬಂದರೂ ಕಾಣುತ್ತದೆ. ಆ ಬಿಂದುಗಳಿಗೆ ಇಬಿಪಿಎಫ್ ಜೋಡಿಸುವ ಸೌಲಭ್ಯ 2020ರ ಲಿನಕ್ಸ್ 5.7ರಿಂದಲೇ ಇದೆ. ಜೊತೆಗೆ, ಕಂಟೇನರ್‌ನ ಕೆಲಸ ಕಿರಿದಾದಷ್ಟೂ ಅನುಕರಣೆಗೆ ಇರುವ ಅವಕಾಶವೂ ಕಿರಿದಾಗುತ್ತದೆ. ಸಿಸ್ಟಂ ಕಾಲ್‌ಗಳಿಗೆ ಕಡಿವಾಣ ಹಾಕುವ ಸೆಕ್‌ಕಾಂಪ್, ಜಿವೈಸರ್‌ನಂಥ ತಡೆಗಳಿದ್ದರೆ ಸಾಕು, ಪತ್ತೆ ಯಾಕೆ ಎನ್ನುವವರಿಗೂ ನನ್ನ ಉತ್ತರ ಇಲ್ಲೇ ಇದೆ: ತಡೆ ಮತ್ತು ಪತ್ತೆ ಒಂದನ್ನೊಂದು ಬಲಪಡಿಸುತ್ತವೆ, ಒಂದು ಮತ್ತೊಂದರ ಬದಲಿಯಲ್ಲ.

ಕರ್ನಲ್‌ನ ಕಣ್ಣಿಗೆ ನಿಜವಾಗಿಯೂ ಬೀಳದ್ದು ಕದ್ದ ಕೀಲಿಯ ಬಳಕೆ. ಟೀಮ್‌ಟಿಎನ್‌ಟಿ ಗುಂಪು 2020ರಿಂದ ಕಂಟೇನರ್‌ಗಳಿಗೆ ನುಗ್ಗಿ ಅಮೆಜಾನ್ ಕ್ಲೌಡ್‌ನ ಕೀಲಿಗಳನ್ನು ಕದಿಯತೊಡಗಿತು. ಆ ಕೀಲಿಯನ್ನು ಬೇರೆಲ್ಲೋ ಕೂತು ಬಳಸಿದರೆ ಕಂಟೇನರ್‌ನಲ್ಲಿ ಏನೂ ನಡೆಯುವುದಿಲ್ಲ. ಆದ್ದರಿಂದ ಕರ್ನಲ್ ಘಟನೆಗಳು, ಕುಬರ್ನೆಟೀಸ್ ಆಡಿಟ್ ದಾಖಲೆ, ಕ್ಲೌಡ್ ಖಾತೆಯ ದಾಖಲೆ ಈ ಮೂರನ್ನೂ ಒಂದೇ ಕಾಲರೇಖೆಯಲ್ಲಿ ಓದಬೇಕು: ಕೀಲಿಯ ಕಡತವನ್ನು ಎಂದೂ ಮುಟ್ಟದ ಪ್ರಕ್ರಿಯೆ ಇಂದು ಮುಟ್ಟಿತು, ಕೆಲ ನಿಮಿಷಗಳಲ್ಲಿ ಅದೇ ಕೀಲಿ ಅಪರಿಚಿತ ವಿಳಾಸದಿಂದ ಬಳಕೆಯಾಯಿತು ಎಂದರೆ ಎರಡು ಮಂದ ಸುಳಿವುಗಳು ಸೇರಿ ಒಂದು ಬಲವಾದ ಸಾಕ್ಷ್ಯವಾಗುತ್ತವೆ. ಇಲ್ಲಿ ಕಂಟೇನರ್‌ನ ಅಲ್ಪಾಯುಷ್ಯ ಅಡ್ಡಬರುತ್ತದೆ. ಪಾಡ್ ಅಳಿದರೆ ಅದರೊಳಗಿನ ಕುರುಹೂ ಅಳಿಯುತ್ತದೆ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೈಬರ್ ಭದ್ರತಾ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು; ಬೆಂಗಳೂರಿನಿಂದ ಕ್ಲೌಡ್ ಸೇವೆ ನಡೆಸುವ ಕಂಪನಿಗಳಿಗೂ ಇದು ಅನ್ವಯ. ಕೆಲವೇ ನಿಮಿಷ ಬದುಕುವ ಕಂಟೇನರ್‌ಗಳ ಬಗ್ಗೆ ಈ ಕರ್ತವ್ಯ ನೆರವೇರಬೇಕಾದರೆ ದಾಖಲೆ ಹುಟ್ಟಿದ ಕ್ಷಣವೇ ಕ್ಲಸ್ಟರ್‌ನ ಹೊರಗೆ, ಅಲ್ಲಿನ ಯಾವ ಕೀಲಿಯಿಂದಲೂ ಅಳಿಸಲಾಗದ ಕಡೆಗೆ ಹೋಗಬೇಕು, ಮತ್ತು ಶಂಕೆ ಬಂದ ಪಾಡನ್ನು ತಕ್ಷಣ ಕೊಲ್ಲುವ ಬದಲು ಜಾಲದಿಂದ ಬೇರ್ಪಡಿಸಿ, ಅದರ ಮೆಮೊರಿಯ ಪ್ರತಿ ತೆಗೆದುಕೊಂಡ ಮೇಲಷ್ಟೇ ಅಳಿಸಬೇಕು.