ವಿದ್ಯುನ್ಮಾನ ನೌಕಾನಕ್ಷೆಗಳ ಪರಿಷ್ಕರಣೆ

ಸಮುದ್ರದ ಆಳ, ಮುಳುಗಿದ ಬಂಡೆ, ದೀಪಸ್ತಂಭ, ತೇಲುಗುರುತು ಮೊದಲಾದವನ್ನು ತೋರಿಸುವ ನೌಕಾನಕ್ಷೆಗೆ, ಅದು ಪ್ರಕಟವಾದ ಮೇಲೆ ಆದ ಬದಲಾವಣೆಗಳನ್ನು ಸೇರಿಸುತ್ತ ಹೋಗುವ ಕೆಲಸವೇ ಪರಿಷ್ಕರಣೆ. ಅಳಿವೆಯಲ್ಲಿ ಹೂಳು ತುಂಬುತ್ತದೆ, ದೀಪದ ಮಿನುಗು ಬದಲಾಗುತ್ತದೆ, ಮುಳುಗಿದ ಹಡಗು ಹೊಸ ಅಡ್ಡಿಯಾಗುತ್ತದೆ. ಹೀಗಾಗಿ ನಕ್ಷೆ ಅಚ್ಚಾದ ದಿನದಿಂದಲೇ ಹಳತಾಗತೊಡಗುತ್ತದೆ.

1795ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಜಲಮಾಪನ ಕಚೇರಿ 1834ರಲ್ಲಿ ‘ನಾವಿಕರಿಗೆ ಸೂಚನೆಗಳು’ ಎಂಬ ಪ್ರಕಟಣೆ ಆರಂಭಿಸಿತು. ಮುಂದೆ ಅದು ವಾರಕ್ಕೊಮ್ಮೆ ಬರತೊಡಗಿತು. ಅದನ್ನು ನೋಡಿ ಹಡಗಿನ ಅಧಿಕಾರಿ ನೇರಳೆಗೆಂಪು ಶಾಯಿಯಲ್ಲಿ ನಕ್ಷೆಯನ್ನು ತಿದ್ದಿ, ಸೂಚನೆಯ ಸಂಖ್ಯೆಯನ್ನು ಅಂಚಿನಲ್ಲಿ ಬರೆದಿಡುತ್ತಿದ್ದ. ಬದಲಾವಣೆ ಹೆಚ್ಚಿದ್ದ ಕಡೆ ಅಚ್ಚಾದ ತುಂಡನ್ನೇ ಅಂಟಿಸುತ್ತಿದ್ದರು. ಬೇಸರದ ಕೆಲಸವಾದರೂ ತಿದ್ದಿದ್ದು ಏನೆಂಬುದು ತಿದ್ದಿದವನ ಕಣ್ಣಿಗೆ ಬೀಳುತ್ತಿತ್ತು.

ವಿದ್ಯುನ್ಮಾನ ನಕ್ಷೆ ತೋರಿಸುವ ‘ಎಕ್‌ಡಿಸ್’ ಉಪಕರಣಕ್ಕೆ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ 1995ರಲ್ಲಿ ಮಾನದಂಡ ನಿಗದಿಪಡಿಸಿತು. ಮರುವರ್ಷ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ ‘ಎಸ್-57’ ದತ್ತಾಂಶ ವಿನ್ಯಾಸದ ಮೂರನೆಯ ಆವೃತ್ತಿ ಬಂತು. ಇದರಲ್ಲಿ ಸಮುದ್ರವನ್ನು ಕೋಶಗಳಾಗಿ ವಿಂಗಡಿಸಲಾಗುತ್ತದೆ. ಮೂಲ ಕೋಶದ ಕಡತಕ್ಕೆ 000, ತಿದ್ದುಪಡಿಗಳಿಗೆ 001, 002 ಎಂಬ ಅನುಕ್ರಮ. ನಡುವಿನ ಒಂದು ತಪ್ಪಿದರೂ ಮುಂದಿನವು ಸೇರಿಕೊಳ್ಳುವುದಿಲ್ಲ. ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳಲ್ಲಿ ಎಕ್‌ಡಿಸ್ 2012ರಿಂದ 2018ರವರೆಗೆ ಹಂತಹಂತವಾಗಿ ಕಡ್ಡಾಯವಾಯಿತು.

ಸಣ್ಣ ದೋಣಿಗಳಿಗೆ ಈ ಕಡ್ಡಾಯವಿಲ್ಲ. ಅವುಗಳಲ್ಲಿ ನಕ್ಷೆ ತೋರಿಸುವ ಸಾಧನವಾದ ಪ್ಲಾಟರ್‌ಗೆ ಖಾಸಗಿ ಕಂಪನಿಗಳು ನಕ್ಷೆಯನ್ನು ಮೆಮೊರಿ ಕಾರ್ಡಿನಲ್ಲಿ ಮಾರಿದವು. ಹೊಸ ಮಾಹಿತಿ ಬೇಕಾದರೆ ಕಾರ್ಡನ್ನೇ ಬದಲಿಸಬೇಕಿತ್ತು, ಎಷ್ಟೋ ಮಂದಿ ಬದಲಿಸುತ್ತಲೇ ಇರಲಿಲ್ಲ. ಈ ಅಡಚಣೆಯನ್ನು ಅಂತರ್ಜಾಲ ತಗ್ಗಿಸಿತು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ ತನ್ನ ವಿದ್ಯುನ್ಮಾನ ನಕ್ಷೆಗಳನ್ನೂ ತಿದ್ದುಪಡಿಗಳನ್ನೂ ಉಚಿತವಾಗಿ ಕೊಡುತ್ತದೆ. ಸಾಂಪ್ರದಾಯಿಕ ಕಾಗದದ ನಕ್ಷೆಗಳನ್ನು ಕೈಬಿಡುವುದಾಗಿ 2019ರಲ್ಲಿ ಘೋಷಿಸಿ, 2025ರ ವೇಳೆಗೆ ಹಾಗೆಯೇ ಮಾಡಿತು.

ತಿದ್ದುಪಡಿ ಸುಲಭವಾದ ಮಾತ್ರಕ್ಕೆ ನಕ್ಷೆ ಸರಿಯಾಗಿರುತ್ತದೆ ಎನ್ನುವಂತಿಲ್ಲ. 2013ರ ಜನವರಿ 17ರಂದು ಅಮೆರಿಕ ನೌಕಾಪಡೆಯ ಹಡಗು ‘ಗಾರ್ಡಿಯನ್’ ಫಿಲಿಪೀನ್ಸಿನ ತುಬ್ಬತಾಹ ಹವಳದಿಬ್ಬದ ಮೇಲೇರಿತು. ಹಡಗಿನಲ್ಲಿದ್ದ ಡಿಜಿಟಲ್ ನಕ್ಷೆ ದಿಬ್ಬವನ್ನು ಸುಮಾರು 8 ನಾಟಿಕಲ್ ಮೈಲಿ ಆಚೆ ತೋರಿಸಿತ್ತು. ನಕ್ಷೆ ತಯಾರಿಸಿದ ಸಂಸ್ಥೆಗೆ ದೋಷ 2011ರಲ್ಲೇ ತಿಳಿದಿತ್ತು. ಒಂದು ಪ್ರಮಾಣದ ನಕ್ಷೆಯಲ್ಲಿ ತಿದ್ದಿ, ಇನ್ನೊಂದರಲ್ಲಿ ಹಾಗೇ ಬಿಟ್ಟಿತ್ತು. ಎರಡು ನಕ್ಷೆಗಳನ್ನು ಹಡಗಿನವರೂ ಹೋಲಿಸಿ ನೋಡಲಿಲ್ಲ. ಹಡಗನ್ನು ಅಲ್ಲಿಯೇ ತುಂಡರಿಸಿ ತೆಗೆಯಬೇಕಾಯಿತು. ಕಾಗದದ ಕಾಲದ ದೋಷ ಒಂದು ಹಡಗಿನ ಒಬ್ಬ ಅಧಿಕಾರಿಯ ಮೇಜಿನಲ್ಲಿ ಉಳಿಯಬಹುದಿತ್ತು. ಡಿಜಿಟಲ್ ದೋಷ ಆ ನಕ್ಷೆ ಬಳಸುವ ಎಲ್ಲ ಹಡಗುಗಳಿಗೂ ಒಟ್ಟಿಗೇ ತಲುಪುತ್ತದೆ.

ಭಾರತದಲ್ಲಿ ನಕ್ಷೆ ಪರಿಷ್ಕರಿಸುವ ಹೊಣೆ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯದು. ಕಾರವಾರ, ಮಂಗಳೂರು ಬಂದರುಗಳ ಅಧಿಕೃತ ನಕ್ಷೆಯೂ ಅಲ್ಲಿಯದೇ; ನಾವಿಕರಿಗೆ ಸೂಚನೆ ಹದಿನೈದು ದಿನಕ್ಕೊಮ್ಮೆ ಹೊರಬರುತ್ತದೆ.

ಎಸ್-57ರ ಜಾಗಕ್ಕೆ ‘ಎಸ್-100’ ಬರುತ್ತಿದೆ. ಆಳ, ಪ್ರವಾಹ, ನೀರಿನ ಮಟ್ಟಗಳನ್ನು ಅದು ನಕ್ಷೆಯ ಮೇಲೆಯೇ ಹೊಂದಿಸಬಲ್ಲದು. ಹೊಸ ಮಾನದಂಡದ ಎಕ್‌ಡಿಸ್ ಬಳಕೆಗೆ 2026ರ ಜನವರಿ 1ರಿಂದ ಅವಕಾಶವಿದೆ. 2029ರ ಜನವರಿ 1ರಿಂದ ಹೊಸದಾಗಿ ಅಳವಡಿಸುವ ಎಲ್ಲ ಎಕ್‌ಡಿಸ್‌ಗಳಿಗೂ ಅದು ಕಡ್ಡಾಯ.