ಮಾರಿ ಬಂದ ದಾರಿ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದು ರೈಲಿನಲ್ಲಿ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದಿದ್ದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬಟ್ಲರನಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪತ್ತೆಯಾದ ಬೇನೆ ಪುಣೆಯನ್ನು ಹಣ್ಣು ಮಾಡಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಮನೆಗಳನ್ನು ಬರಿದು ಮಾಡಿ, ಎರಡು ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಹೊಸ್ತಿಲನ್ನು ದಾಟಿತ್ತು.

ಹಿಂದೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎತ್ತಿನ ಗಾಡಿಯಲ್ಲಿ ಬರಬೇಕೆಂದರೆ ವಾರಗಳೇ ಹಿಡಿಯುತ್ತಿದ್ದವು. ಸೋಂಕು ತಗುಲಿದವನು ನಡುದಾರಿಯ ಛತ್ರದಲ್ಲೋ ಸಂತೆಮಾಳದಲ್ಲೋ ಮಲಗಿಬಿಡುತ್ತಿದ್ದ. ರೋಗವೂ ಅವನೊಂದಿಗೆ ಅಲ್ಲಿಯೇ ತಂಗುವ ಸಂಭವವಿತ್ತು. ಬೆಂಗಳೂರು-ತುಮಕೂರು ರೈಲುಮಾರ್ಗ 1884ರಲ್ಲಿ ತೆರೆಯಿತು. 1889ರ ವೇಳೆಗೆ ಅದು ಹರಿಹರದವರೆಗೆ ಬೆಳೆದು ಮುಂಬಯಿ ಕರ್ನಾಟಕದ ಹಳಿಗಳನ್ನು ಕೂಡಿಕೊಂಡಿತು. ಅಲ್ಲಿಂದ ಮುಂದೆ ಈ ಪ್ರಯಾಣ ವಾರಗಳ ಮಾತಾಗಿ ಉಳಿಯಲಿಲ್ಲ. ಪ್ಲೇಗಿನ ಸೋಂಕು ತಗುಲಿ ಜ್ವರ ಕಾಣಿಸಿಕೊಳ್ಳಲು ಕೆಲವು ದಿನಗಳು ಬೇಕು. ರೈಲು ಅಷ್ಟರೊಳಗೆ ಮನುಷ್ಯನನ್ನು ಊರು ಸೇರಿಸಿಬಿಡುತ್ತಿತ್ತು. ಹತ್ತಿದಾಗಲೂ ಆರೋಗ್ಯವಂತ, ಇಳಿದಾಗಲೂ ಆರೋಗ್ಯವಂತ!

ಈ ಹಳಿಯ ಮೇಲೆ, ಬೆಂಗಳೂರು ಪೇಟೆಗೆ ತುಸು ಮುಂಚೆ ಸಿಗುವ ನಿಲ್ದಾಣ ಯಶವಂತಪುರ. 1890ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿಂದಲೇ ಇನ್ನೊಂದು ಮಾರ್ಗ ಕವಲೊಡೆದು ಯಲಹಂಕ, ದೊಡ್ಡಬಳ್ಳಾಪುರಗಳ ಮೂಲಕ ಹಿಂದೂಪುರಕ್ಕೆ ಹೊರಟಿತು. ಹೊಲಗದ್ದೆ, ಕೆರೆ, ದ್ರಾಕ್ಷಿ ತೋಟಗಳ ಈ ಉತ್ತರದ ಸೀಮೆ ಆಗ ಬೆಂಗಳೂರಿನ ಭಾಗವೇ ಅಲ್ಲ. ಆದರೂ ವಾಯವ್ಯದಿಂದಲೂ ಉತ್ತರದಿಂದಲೂ ರೈಲಿನಲ್ಲಿ ಬಂದವರೆಲ್ಲ ಇದನ್ನು ದಾಟಿಯೇ ನಗರ ಸೇರಬೇಕಿತ್ತು.

ಸರ್ಕಾರಗಳಿಗೆ ಆಗ ತೋಚಿದ ಉಪಾಯ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದು. 1897ರಲ್ಲಿ ಬ್ರಿಟಿಷ್ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ರೈಲು ನಿಂತೊಡನೆ ಜನರನ್ನು ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಲ್ಲಿಸಿ ನಾಡಿ ಹಿಡಿದು ನೋಡುವುದು, ಕಂಕುಳು-ತೊಡೆಸಂದುಗಳಲ್ಲಿ ಗಂಟು ಇದೆಯೇ ಎಂದು ತಡವುವುದು, ಅನುಮಾನ ಬಂದವರನ್ನು ಶಿಬಿರಕ್ಕೆ ಒಯ್ಯುವುದು ನಡೆದಿತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿಯೇ ಜಾರಿಗೆ ಬಂತು. ಸೋಂಕಿನ ಊರಿನಿಂದ ಬಂದವನು ಅದನ್ನು ಹಿಡಿದು, ತಾನಿನ್ನೂ ಆರೋಗ್ಯವಾಗಿದ್ದೇನೆಂದು ತೋರಿಸಲು ಹತ್ತು ದಿನಗಳ ಕಾಲ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು.

ಈ ತಪಾಸಣೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೇಲಿನ ದರ್ಜೆಯವರನ್ನು ಅವರ ಬೋಗಿಯಲ್ಲೇ ಮರ್ಯಾದೆಯಿಂದ ನೋಡಿ ಬಿಡುತ್ತಿದ್ದರು. ಬಿಸಿಲಿನಲ್ಲಿ ಸಾಲು ನಿಂತದ್ದು ಮೂರನೇ ದರ್ಜೆ. ಹೆಂಗಸರನ್ನು ಮುಟ್ಟಿ ನೋಡುವ ಕ್ರಮದ ಬಗ್ಗೆ ದೇಶದಾದ್ಯಂತ ಸಿಟ್ಟು ಹೊತ್ತಿಕೊಂಡಿತು. ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿದ್ದು 1897ರ ಜೂನ್‌ನಲ್ಲಿ. ಮೈಸೂರು ಸಂಸ್ಥಾನದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು.

ಇಷ್ಟೆಲ್ಲ ಮಾಡಿಯೂ ಹಿಡಿಯಬೇಕಾದದ್ದನ್ನು ಮಾತ್ರ ಹಿಡಿಯಲಿಲ್ಲ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ಅವನ ಮಾತನ್ನು ವೈದ್ಯಲೋಕ ನಂಬಲು ಇನ್ನೂ ವರ್ಷಗಳು ಬೇಕಾದವು. ಹೀಗಾಗಿ ಪ್ರಯಾಣಿಕನ ಕಂಕುಳನ್ನು ತಡವುತ್ತಿದ್ದ ಹೊತ್ತಿನಲ್ಲೇ ಪಕ್ಕದ ಗೂಡ್ಸ್ ಬೋಗಿಯಿಂದ ಧಾನ್ಯದ ಮೂಟೆಗಳು ಇಲಿ-ಚಿಗಟಗಳ ಸಮೇತ ಯಾವ ಪಾಸ್‌ಪೋರ್ಟೂ ಇಲ್ಲದೆ ಮಂಡಿ ಸೇರುತ್ತಿದ್ದವು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಉಗ್ರಾಣವೂ ಮನೆಯೂ ಒಂದೇ ಗೋಡೆಯ ಆಚೀಚೆ. ಬೆಂಗಳೂರಿನಲ್ಲಿ ಸತ್ತವರ ಸಂಖ್ಯೆ ಮೂರು ಸಾವಿರವನ್ನು ಮೀರಿತು.

ಜನ ಊರು ಬಿಟ್ಟರು. ಊರಾಚೆಯ ಬಯಲಲ್ಲಿ ಗರಿ, ತಗಡುಗಳ ಶೆಡ್ಡು ಹಾಕಿಕೊಂಡು ಬೇನೆ ಇಳಿಯುವವರೆಗೆ ಅಲ್ಲೇ ಬದುಕುವುದು ಹಳೆಯ ಮೈಸೂರು ಸೀಮೆಯಲ್ಲಿ ಮುಂದೆ ದಶಕಗಳ ಕಾಲ ರೂಢಿಯೇ ಆಗಿಹೋಯಿತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಓದಿದವರಿಗೆ ಆ ಶೆಡ್ಡುಗಳ ಬದುಕನ್ನು ವಿವರಿಸಬೇಕಾಗಿಲ್ಲ. ಇಲಿ ಬಿದ್ದರೆ ಶಾಲೆ ಮುಚ್ಚುತ್ತಿತ್ತು, ಮೇಷ್ಟರು ಒಂದು ದಿಕ್ಕಿಗೆ, ಮಕ್ಕಳು ಒಂದು ದಿಕ್ಕಿಗೆ. ಎಷ್ಟೋ ಹುಡುಗರ, ಅದಕ್ಕಿಂತ ಹೆಚ್ಚು ಹುಡುಗಿಯರ ಓದು ಅಂಥ ಒಂದು ‘ರಜೆ’ಯಲ್ಲಿ ನಿಂತದ್ದು ಮತ್ತೆ ಆರಂಭವಾಗಲೇ ಇಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಕೈಕಟ್ಟಿ ಕೂರಲಿಲ್ಲ. ಪ್ಲೇಗ್ ಕಮಿಷನರಾಗಿ ವಿ.ಪಿ. ಮಾಧವರಾವ್ ನೇಮಕಗೊಂಡರು, ಮುಂದೆ ಇವರೂ ದಿವಾನರಾದರು. ಪ್ಲೇಗ್ ಕೆಲಸದ ಸುದ್ದಿ ಬೇಗ ಮುಟ್ಟಲೆಂದು ನಗರದಲ್ಲಿ ಟೆಲಿಫೋನ್ ತಂತಿ ಎಳೆಯಲಾಯಿತು. ಪೇಟೆಯ ಒತ್ತಡ ತಗ್ಗಿಸಲು ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅವುಗಳ ಯೋಜನೆ ಪ್ಲೇಗಿಗಿಂತ ಹಳೆಯದು, ಆದರೆ ಹೊಸ ಬಡಾವಣೆಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದವರನ್ನು ಅಲ್ಲಿಗೆ ದೂಡಿದ್ದು ಪ್ಲೇಗು. ನಗರದ ಗಡಿ ಯಶವಂತಪುರದತ್ತ ಸರಿಯತೊಡಗಿದ್ದು ಹೀಗೆ.

ಅದೇ ವರ್ಷಗಳಲ್ಲಿ ಉತ್ತರದ ಬಯಲಿಗೆ ವಿದ್ಯೆಯೂ ಬಂತು. 1899ರಲ್ಲಿ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ ಲೆಹ್ಮನ್ ಎಂಬ ವಿಜ್ಞಾನಿಯ ಕೃಷಿ ಸಂಶೋಧನೆ ಆರಂಭವಾಯಿತು. ಅಲ್ಲಿಯೇ 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ತಲೆಯೆತ್ತಿದವು. ಜೆಮ್‌ಷೆಡ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆಯನ್ನು ವೈಸ್‌ರಾಯ್ ಕರ್ಜನ್‌ನ ಮುಂದಿಟ್ಟದ್ದು 1898ರ ಕೊನೆಯ ದಿನ, ಪ್ಲೇಗಿನಿಂದ ನಲುಗಿದ್ದ ಮುಂಬಯಿಯಲ್ಲಿ. ಸ್ಥಳ ನೋಡಲು 1900ರಲ್ಲಿ ಬಂದ ರ್‍ಯಾಮ್ಸೆ ಬೆಂಗಳೂರೇ ಸರಿ ಎಂದ. 1907ರಲ್ಲಿ ಯಶವಂತಪುರದ ಪಕ್ಕ ಸಂಸ್ಥಾನ 371 ಎಕರೆ ಕೊಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಈ ಸಂಸ್ಥೆಗಳು ಪ್ಲೇಗಿನಿಂದ ಹುಟ್ಟಿದವು ಎಂದರೆ ತಪ್ಪಾದೀತು. ಆದರೆ ಊರಾಚೆ ಗಾಳಿ-ಬೆಳಕು ಇರುವಲ್ಲಿ, ಹಾಸ್ಟೆಲಿನಲ್ಲಿ ಉಳಿದು ಓದುವ ಪರವೂರ ವಿದ್ಯಾರ್ಥಿ ಎಂಬ ಹೊಸ ಮನುಷ್ಯ ಉತ್ತರ ಬೆಂಗಳೂರಿನಲ್ಲಿ ಕಾಲಿಟ್ಟದ್ದು ಆಗ. ಶೆಡ್ಡಿಗೆ ಹೋಗಲು ಅವನಿಗೆ ಈ ಊರಿನಲ್ಲಿ ಮನೆಯೂ ಇಲ್ಲ, ಬಂಧುಗಳೂ ಇಲ್ಲ. ಮಾರಿ ಬಂದರೆ ಅವನಿಗಿರುವುದು ರೈಲು ಒಂದೇ.

1918ರ ಇನ್‌ಫ್ಲುಯೆಂಜಾಗೆ ಶೆಡ್ಡೂ ಆಶ್ರಯವಾಗಲಿಲ್ಲ. ಅದು ಉಸಿರಿನಲ್ಲಿ ಹರಡುವ ಬೇನೆ. ಮಹಾಯುದ್ಧದ ಸೈನಿಕರೊಂದಿಗೆ, ರೈಲುಗಳೊಂದಿಗೆ ಅದು ದೇಶವನ್ನೆಲ್ಲ ಸುತ್ತಿತು. ಸಂಸ್ಥಾನದಲ್ಲಿ ಕನ್ನಡ ಕರಪತ್ರ ಹಂಚಿದರು, ಸ್ವಯಂಸೇವಕರು ಮನೆಮನೆಗೆ ಗಂಜಿ ಒಯ್ದರು. ಹತ್ತು ವರ್ಷಗಳಲ್ಲಿ, ಅಂದರೆ 1911ರಿಂದ 1921ಕ್ಕೆ, ಮೈಸೂರು ಸಂಸ್ಥಾನದ ಜನಸಂಖ್ಯೆ 58 ಲಕ್ಷದಿಂದ ಸುಮಾರು 59.8 ಲಕ್ಷಕ್ಕೆ ಮಾತ್ರ ಏರಿತು. ಆ ಪೀಡೆಯ ಅಳತೆಗೆ ಈ ಒಂದು ಲೆಕ್ಕ ಸಾಕು.

ಅಲ್ಲಿಂದ ನೂರು ವರ್ಷ ಕಳೆಯುವಷ್ಟರಲ್ಲಿ ಉತ್ತರದ ಹೊಲಗಳು ನಗರವಾಗಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಹೆಬ್ಬಾಳ, ಯಲಹಂಕಗಳ ನಡುವಿನ ಬಳ್ಳಾರಿ ರಸ್ತೆ ಪರದೇಶದ ಹೆಬ್ಬಾಗಿಲಾಯಿತು. ಆ ರಸ್ತೆಯ ಆಚೀಚೆ ಎಂಜಿನಿಯರಿಂಗ್ ಕಾಲೇಜುಗಳು, ಖಾಸಗಿ ವಿಶ್ವವಿದ್ಯಾಲಯಗಳು, ಅವುಗಳ ಸುತ್ತ ಪಿ.ಜಿ.ಗಳು, ಮೆಸ್ಸುಗಳು, ಜೆರಾಕ್ಸ್ ಅಂಗಡಿಗಳು. ರಾಜ್ಯದ ಮೊದಲ ಕೋವಿಡ್ ರೋಗಿ 2020ರ ಮಾರ್ಚ್ 1ರಂದು ಅಮೆರಿಕದಿಂದ ಬಂದಿಳಿದದ್ದು ಈ ನಿಲ್ದಾಣದಲ್ಲೇ. ರೋಗ ದೃಢಪಟ್ಟದ್ದು ಮಾರ್ಚ್ 9ರ ಹೊತ್ತಿಗೆ. 1898ರ ಲೆಕ್ಕವೇ ಇಲ್ಲಿಯೂ: ವಿಮಾನಕ್ಕೆ ಬೇಕಾದದ್ದು ಒಂದು ದಿನ, ಸೋಂಕು ತಲೆ ಎತ್ತಲು ಹಲವು ದಿನ. ಹಣೆಯ ಬಿಸಿ ಅಳೆಯುವ ಯಂತ್ರಕ್ಕೆ, ಇನ್ನೂ ಬಾರದ ಜ್ವರವನ್ನು ಕಂಡುಹಿಡಿಯುವ ಶಕ್ತಿ ಇರಲಿಲ್ಲ.

ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಕಾಲೇಜು, ಚಿತ್ರಮಂದಿರ, ಮಾಲ್‌ಗಳನ್ನು ಒಂದು ವಾರ ಮುಚ್ಚುವುದಾಗಿ ಪ್ರಕಟಿಸಿದರು. ವಾರದ ಮಾತು ನಂಬಿದ ಎಷ್ಟೋ ವಿದ್ಯಾರ್ಥಿಗಳು ಎರಡು ಜೊತೆ ಬಟ್ಟೆ ಹಿಡಿದು ಊರಿಗೆ ಹೊರಟರು. ಪುಸ್ತಕ, ಪ್ರಮಾಣಪತ್ರ, ಕೊಡೆ ಎಲ್ಲವೂ ಕೋಣೆಯಲ್ಲೇ ಉಳಿದವು. ಯಲಹಂಕ, ಆರ್.ಟಿ. ನಗರಗಳ ಕೋಣೆಗಳಲ್ಲೇ ಕಾದು ನೋಡೋಣವೆಂದು ಕುಳಿತವರಿಗೆ ಮಾರ್ಚ್ 22ರ ನಂತರ ದಾರಿಯೇ ಇಲ್ಲವಾಯಿತು. ಅಂದಿನಿಂದ ದೇಶದ ಪ್ರಯಾಣಿಕ ರೈಲುಗಳು ನಿಂತವು; 1853ರಿಂದ ಓಡುತ್ತಿದ್ದ ರೈಲು ಹೀಗೆ ದೇಶವಿಡೀ ಸ್ತಬ್ಧವಾದದ್ದು ಅದೇ ಮೊದಲು. ಹೊರದೇಶದ ವಿಮಾನಗಳೂ ನಿಂತವು, 25ರಿಂದ ದೇಶದೊಳಗಿನವೂ. ಲಂಡನ್ನಿನಲ್ಲಿ ಸಿಕ್ಕಿಬಿದ್ದವರನ್ನು ಹೊತ್ತ ವಿಶೇಷ ವಿಮಾನ ದೇವನಹಳ್ಳಿಗೆ ಬರುವಷ್ಟರಲ್ಲಿ ಮೇ 11 ಆಗಿತ್ತು.

ಪ್ಲೇಗ್ ಪಾಸ್‌ಪೋರ್ಟಿನ ಮೊಮ್ಮಕ್ಕಳೂ ಕಾಣಿಸಿಕೊಂಡರು. ಹೊರದೇಶದಿಂದ ಬಂದವರ ಕೈಮೇಲೆ ಮುದ್ರೆ ಬಿತ್ತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಇದಕ್ಕೆ ಬಳಸಲು ಚುನಾವಣಾ ಆಯೋಗ ಅನುಮತಿ ಕೊಟ್ಟಿತು. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಬಹಿರಂಗಪಡಿಸಿತು, ಇದು ಬೇಡವಾಗಿತ್ತು. ಗಡಿ ದಾಟಲು ‘ಸೇವಾಸಿಂಧು’ವಿನಲ್ಲಿ ಇ-ಪಾಸ್ ಪಡೆಯಬೇಕಾಯಿತು. ಹೆಗಡೆ ನಗರದ ಕಡೆ ಇರುವ ಹಜ್ ಭವನ, ಯಾತ್ರಿಕರು ವಿಮಾನ ಏರುವ ಮುನ್ನ ತಂಗಲೆಂದು ಕಟ್ಟಿದ್ದು. 2020ರಲ್ಲಿ ಅದು ಕೋವಿಡ್ ಆರೈಕೆ ಕೇಂದ್ರವಾಯಿತು. ಆ ವರ್ಷ ಹೊರದೇಶದವರಿಗೆ ಹಜ್ ಯಾತ್ರೆಯೇ ಇರಲಿಲ್ಲ. 1897ರಲ್ಲೂ ಪ್ಲೇಗಿನ ಕಾರಣದಿಂದ ಭಾರತದ ಯಾತ್ರಿಕರನ್ನು ತಡೆಯಲಾಗಿತ್ತು.

ಪರೀಕ್ಷೆಗಳದ್ದು ಬೇರೆಯದೇ ಕಥೆ. ದ್ವಿತೀಯ ಪಿಯುಸಿಯ ಇಂಗ್ಲಿಷ್ ಪತ್ರಿಕೆಯೊಂದು ಉಳಿದು ಮಾರ್ಚ್ 23ರಿಂದ ಜೂನ್ 18ಕ್ಕೆ ಹೋಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ಕ್ಕೆ ಆರಂಭವಾಯಿತು. ನಡೆಸಬಾರದು ಎಂದವರು ಬಹಳ ಮಂದಿ, ಆದರೆ ನಡೆಸಿದ್ದೇ ಸರಿಯಾಯಿತೆಂದು ಈಗ ಹೇಳಬಹುದು. ಊರಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುವಂತಾದ ಪದವಿ ವಿದ್ಯಾರ್ಥಿಗಳಿಗೆ ಸಿಗ್ನಲ್ ಇದ್ದಲ್ಲೇ ಕಾಲೇಜು. ಮಲೆನಾಡಿನ ಹುಡುಗ-ಹುಡುಗಿಯರು ಅದಕ್ಕಾಗಿ ಗುಡ್ಡ ಹತ್ತಿದರು. ಹೆಬ್ಬಾಳದಾಚೆ ಜಿಕೆವಿಕೆ ಆವರಣದಲ್ಲಿ ಒಂದು ಕಡೆ ರೋಗಿಗಳ ಆರೈಕೆ ಕೇಂದ್ರ, ಇನ್ನೊಂದು ಕಡೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗಂಟಲು ದ್ರವದ ಪರೀಕ್ಷೆ. ಸಂಶೋಧನೆಗೆಂದು ಬಂದ ಯುವಕ-ಯುವತಿಯರು ಆ ಪರೀಕ್ಷೆಯ ಕೆಲಸಕ್ಕೆ ಕೈಹಾಕಿದರು.

ವಿಮಾನದಲ್ಲಿ ಬಂದ ರೋಗಕ್ಕಾಗಿ ನಡೆಯಬೇಕಾಗಿ ಬಂದದ್ದು, ಎಂದೂ ವಿಮಾನ ಹತ್ತದವರು. ಬಿಹಾರ, ಒಡಿಶಾ, ಜಾರ್ಖಂಡ್‌ಗಳ ಕಟ್ಟಡ ಕೂಲಿಗಳು ಮೂಟೆ ಹೊತ್ತು ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಬೀಡುಬಿಟ್ಟು ರೈಲಿಗಾಗಿ ಕಾದರು. ಬೆಂಗಳೂರಿನಿಂದ ಮೊದಲ ಶ್ರಮಿಕ ರೈಲು ಮೇ 3ರಂದು, ಸುಮಾರು 1,200 ಮಂದಿಯನ್ನು ತುಂಬಿಕೊಂಡು ಬಿಹಾರದ ದಾನಾಪುರಕ್ಕೆ ಹೊರಟಿತು. ಹೊರಟದ್ದು ಯಶವಂತಪುರದಾಚೆಯ ಚಿಕ್ಕಬಾಣಾವರದಿಂದ. ಹುಬ್ಬಳ್ಳಿಯಿಂದ ಪ್ಲೇಗು ಇಳಿದುಬಂದ, 1884ರ ಅದೇ ಹಳಿ. ಕೂಲಿಗಳೆಲ್ಲ ಹೋದರೆ ಕಟ್ಟಡದ ಕೆಲಸ ನಿಂತೀತೆಂಬ ಬಿಲ್ಡರುಗಳ ಮಾತಿನ ಬೆನ್ನಿಗೇ ಸರ್ಕಾರ ಮುಂದಿನ ರೈಲುಗಳು ಬೇಡವೆಂದು ಪತ್ರ ಬರೆಯಿತು. ಟೀಕೆಯ ಬಿಸಿ ತಟ್ಟಿ ಎರಡೇ ದಿನಗಳಲ್ಲಿ ಆ ತೀರ್ಮಾನ ಹಿಂದಕ್ಕೆ ಹೋಯಿತು.

ಪದವಿ ಕಾಲೇಜುಗಳು ಮತ್ತೆ ತೆರೆದದ್ದು 2020ರ ನವೆಂಬರ್ 17ರಂದು. ಎಂಟು ತಿಂಗಳ ಹಿಂದೆ ಒಂದು ವಾರಕ್ಕೆಂದು ಹೋಗಿದ್ದವರು ಗೇಟಿನ ಮುಂದೆ ಸಾಲು ನಿಂತರು. ಕೈಯಲ್ಲಿ ಎರಡು ಕಾಗದ: ಒಂದು ಸೋಂಕು ಇಲ್ಲವೆಂಬ ವರದಿ, ಇನ್ನೊಂದು ತಂದೆ-ತಾಯಿಯ ಒಪ್ಪಿಗೆ ಪತ್ರ.