ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮ

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿರುವ ಅನಾಥ ಸೇವಾಶ್ರಮವು ಮಧ್ಯ ಕರ್ನಾಟಕದ ಹೆಸರಾಂತ ಯೋಗ ಮತ್ತು ಶಿಕ್ಷಣ ಕೇಂದ್ರ. ಇದರ ಸ್ಥಾಪಕರು ರಾಘವೇಂದ್ರ ಸ್ವಾಮೀಜಿ (1890–1996). ಸಂಸ್ಥೆ ಹುಟ್ಟಿದಾಗ ದಾವಣಗೆರೆ, ಹರಿಹರಗಳೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಈ ಸೀಮೆಯ ಹಳೆಯ ತಲೆಮಾರಿಗೆ ಆಶ್ರಮ ತಮ್ಮದೇ ಜಿಲ್ಲೆಯ ಸಂಸ್ಥೆಯಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಯೋಗ ಮಠ–ಗುಹೆಗಳಿಂದ ಶಾಲೆಯ ಅಂಗಳಕ್ಕೆ ಬಂದಿತು. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿದರು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ಮನೆಮನೆಯ ವ್ಯಾಯಾಮವಾಗಿಸಲು ಶ್ರಮಿಸಿದರು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಆ ಯೋಗಶಾಲೆ ಮಹಾರಾಜರ ಆಶ್ರಯದಲ್ಲಿ ನಡೆಯಿತು. ಮಲ್ಲಾಡಿಹಳ್ಳಿಯದು ರೈತರ ಮನೆಬಾಗಿಲಿನ ಕಾಳಿನಿಂದ ನಡೆಯಿತು. ಇತಿಹಾಸದಲ್ಲಿ ಇದಕ್ಕಿರುವ ಸ್ಥಾನವನ್ನು ಅಳೆಯಬೇಕಾದದ್ದು ಈ ವ್ಯತ್ಯಾಸದಿಂದಲೇ.

ಬಾರಕೂರಿನಲ್ಲಿ ಜನಿಸಿದ ಸ್ವಾಮೀಜಿಯವರ ಮೊದಲ ಹೆಸರು ಕುಮಾರಸ್ವಾಮಿ. ಬರೋಡಾದಲ್ಲಿ ಮಾಣಿಕರಾಯರ ಬಳಿ ಅಂಗಸಾಧನೆ ಕಲಿತರು, ಆಯುರ್ವೇದವನ್ನೂ ಅಭ್ಯಾಸ ಮಾಡಿದರು. ಬಳಿಕ ಊರೂರು ಸುತ್ತಿ ಯೋಗ ಶಿಬಿರ ನಡೆಸುವುದೇ ಅವರ ಕಾಯಕವಾಯಿತು. ಆಸನ ಕಲಿಸುವ ಕೈಯೇ ನಾಡಿಯನ್ನೂ ನೋಡುತ್ತಿತ್ತು, ಔಷಧಿಯನ್ನೂ ಕೊಡುತ್ತಿತ್ತು. ಶಿಬಿರವೊಂದಕ್ಕಾಗಿ ಮಲ್ಲಾಡಿಹಳ್ಳಿಗೆ ಬಂದಿದ್ದಾಗ ಊರಿಗೆ ಕಾಲರಾ ಬಡಿಯಿತೆಂದೂ, ರೋಗಿಗಳ ಆರೈಕೆಗೆ ನಿಂತ ಅವರನ್ನು ಜನ ಅಲ್ಲೇ ಉಳಿಸಿಕೊಂಡರೆಂದೂ ಆ ಭಾಗದಲ್ಲಿ ಹೇಳುತ್ತಾರೆ. 1943ರಲ್ಲಿ ಸೇವಾಶ್ರಮ ಆರಂಭವಾಯಿತು.

ಯೋಗದ ಪಾಠ ಸೂರ್ಯನಮಸ್ಕಾರದಿಂದ ಮೊದಲಾಗಿ ಆಸನ, ಪ್ರಾಣಾಯಾಮಗಳಿಗೆ ಸಾಗುತ್ತಿತ್ತು. ಕೈ ಮೇಲೆತ್ತುವಾಗ ಉಸಿರು ಒಳಕ್ಕೆ, ಮುಂದಕ್ಕೆ ಬಾಗಿ ಅಂಗೈಯನ್ನು ನೆಲಕ್ಕೆ ಊರುವಾಗ ಹೊರಕ್ಕೆ: ಹೀಗೆ ಚಲನೆಗೂ ಉಸಿರಿಗೂ ಹೊಂದಿಕೆ ಬಂದ ಮೇಲೆ ಕಠಿಣ ಆಸನಗಳ ಸರದಿ. ಇದಕ್ಕೆ ಉಪಕರಣ ಬೇಕಿಲ್ಲ, ಮೈ ಚಾಚುವಷ್ಟು ನೆಲ ಸಾಕು. ಹೊಲದಲ್ಲಿ ದುಡಿಯುವವರಿಗೂ ಶಾಲಾಮಕ್ಕಳಿಗೂ ಯೋಗ ಸುಲಭವಾಗಿ ತಲುಪಲು ಇದೂ ಒಂದು ಕಾರಣ. ಸ್ವಾಮೀಜಿ ಜೀವಿತಾವಧಿಯಲ್ಲಿ 45 ಲಕ್ಷಕ್ಕೂ ಹೆಚ್ಚು ಜನರಿಗೆ ಯೋಗ ಕಲಿಸಿದರೆಂಬ ಅಂದಾಜು ಪ್ರಚಲಿತವಾಗಿದೆ.

ಆಶ್ರಮದ ಖರ್ಚಿಗೆ ಆಧಾರ ಸ್ವಾಮೀಜಿಯವರ ಜೋಳಿಗೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಅವರು ಹಳ್ಳಿಹಳ್ಳಿ ತಿರುಗಿದರು. ಬಂದ ದವಸ–ಧಾನ್ಯದಲ್ಲಿ ಅನಾಥ ಮಕ್ಕಳ ಊಟ, ಬಂದ ಹಣದಲ್ಲಿ ಕಟ್ಟಡ. ‘ತಿರುಕ’ ಎಂಬ ಕಾವ್ಯನಾಮದಲ್ಲಿ ಬರೆದ ಅವರ ಆತ್ಮಕಥೆಯ ಹೆಸರು ‘ಜೋಳಿಗೆ ಪವಾಡ’. ಆಶ್ರಮ ಕಟ್ಟುವುದರಲ್ಲಿ ಅವರಿಗೆ ಹೆಗಲೆಣೆಯಾದವರು ಶಿಷ್ಯ ಸೂರದಾಸಜೀ.

ಪ್ರೌಢಶಾಲೆ, ಶಿಕ್ಷಕರ ತರಬೇತಿ, ವ್ಯಾಯಾಮ ಶಿಕ್ಷಣ, ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಕಾಲಕ್ರಮದಲ್ಲಿ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ವ್ಯಾಯಾಮ ಶಿಕ್ಷಣದ ಪಾತ್ರ ಹಿರಿದು. ಇಲ್ಲಿ ತರಬೇತಾದವರು ನಾಡಿನ ಶಾಲೆಗಳಲ್ಲಿ ಮೇಷ್ಟರಾದಾಗ ಆಶ್ರಮದ ಅಭ್ಯಾಸಕ್ರಮವೂ ಅವರ ಜೊತೆಗೆ ಹೋಯಿತು. ಅಂತರರಾಷ್ಟ್ರೀಯ ಯೋಗ ದಿನಾಚರಣೆ 2015ರಲ್ಲಿ ಶುರುವಾಗುವುದಕ್ಕೆ ಎಷ್ಟೋ ದಶಕ ಮೊದಲೇ ಈ ಕೆಲಸ ಸದ್ದಿಲ್ಲದೆ ನಡೆದಿತ್ತು.

ಸ್ವಾಮೀಜಿ 1996ರ ಆಗಸ್ಟ್‌ನಲ್ಲಿ ದೇಹ ಬಿಟ್ಟರು. ಸಂಸ್ಥೆಗಳನ್ನು ಆಶ್ರಮದ ಟ್ರಸ್ಟ್ ನಡೆಸಿಕೊಂಡು ಬಂದಿದೆ. ಸ್ವಾಮೀಜಿಯವರಿಗಿದ್ದ ನಾಟಕದ ಒಲವಿನ ನೆನಪಿಗೆ ಇಲ್ಲಿ ‘ರಂಗದಾಸೋಹ’ ಎಂಬ ನಾಟಕೋತ್ಸವವೂ ನಡೆಯುತ್ತದೆ.